ಹತ್ತಿರದ ಶಾಲೆಗೆ ಮೊದಲು ಇನ್ನೊಬ್ಬ ಶಿಕ್ಷಕರನ್ನು ಕೊಡಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಸಣ್ಣ ಊರಿನವಳು. ಮಗ ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾನೆ. ಮಗಳು ಈಗ ಅಂಗನವಾಡಿಯಲ್ಲಿದ್ದಾಳೆ, ಜೂನ್‌ಗೆ ಒಂದನೇ ತರಗತಿ. ಅವಳನ್ನು ಎಲ್ಲಿಗೆ ಸೇರಿಸಬೇಕು ಅನ್ನುವುದು ನಮ್ಮ ಮನೆಯಲ್ಲಿ ಈಗ ದಿನಾ ನಡೆಯುವ ಮಾತು. ಊರ ಶಾಲೆಗೆ ಮನೆಯಿಂದ ಹತ್ತು ನಿಮಿಷದ ದಾರಿ. ಹೋಬಳಿ ಕೇಂದ್ರದಲ್ಲಿರುವ ದೊಡ್ಡ ಶಾಲೆ ಏಳು ಕಿಲೋಮೀಟರ್ ದೂರ. ನಮ್ಮ ಅಕ್ಕಪಕ್ಕದ ಮೂರು ಮನೆಯವರು ಆಗಲೇ ದೊಡ್ಡ ಶಾಲೆ ಅಂತ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅವರ ಮೇಲೆ ನನಗೆ ಒಂದು ಚೂರೂ ಸಿಟ್ಟಿಲ್ಲ. ಅವರು ಯಾಕೆ ಹಾಗೆ ಮಾಡಿದರು ಅಂತ ನಿಮಗೆ ತಿಳಿಸೋಣ ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ಕಚೇರಿಗಳಲ್ಲಿ ಇದಕ್ಕೆ ಒಂದು ಸಿದ್ಧ ಉತ್ತರ ಇದೆ. ಪೋಷಕರಿಗೆ ಇಂಗ್ಲಿಷ್ ವ್ಯಾಮೋಹ, ಸರ್ಕಾರಿ ಶಾಲೆ ಅಂದರೆ ತಾತ್ಸಾರ, ಅದಕ್ಕೇ ದಾಖಲಾತಿ ಕಡಿಮೆ ಆಗುತ್ತಿದೆ ಅಂತ. ನಮ್ಮೂರಲ್ಲಿ ನಾನು ಕಂಡಿದ್ದು ಬೇರೆ. ಊರು ಬಿಟ್ಟು ಹೋಗುತ್ತಿರುವ ಮಕ್ಕಳಲ್ಲಿ ಅರ್ಧದಷ್ಟು ಹೋಗುತ್ತಿರುವುದು ಇನ್ನೊಂದು ಸರ್ಕಾರಿ ಶಾಲೆಗೇ, ಅದೂ ಕನ್ನಡ ಮಾಧ್ಯಮಕ್ಕೇ. ಅಲ್ಲಿ ತರಗತಿಗೊಬ್ಬರು ಶಿಕ್ಷಕರಿದ್ದಾರೆ. ನಮ್ಮಲ್ಲಿ ಐದು ತರಗತಿಗೂ ಒಬ್ಬರೇ. ಇರುವ ಕಾರಣ ಇಷ್ಟೇ.

ನಮ್ಮ ಶಾಲೆಯಲ್ಲಿ ಹದಿನೇಳು ಮಕ್ಕಳಿದ್ದಾರೆ. ಮಂಜೂರಾದ ಹುದ್ದೆ ಎರಡು. ಒಬ್ಬರು ವರ್ಗವಾಗಿ ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಕೆಲವು ವರ್ಷ ಅತಿಥಿ ಶಿಕ್ಷಕರು ಬರುತ್ತಾರೆ, ಆದರೆ ಅವರು ಬರುವ ಹೊತ್ತಿಗೆ ಮಳೆಗಾಲ ಅರ್ಧ ಕಳೆದಿರುತ್ತದೆ. ಉಳಿದಿರುವ ಮೇಡಂ ಬಹಳ ಒಳ್ಳೆಯವರು. ಮಕ್ಕಳಿಗೆ ಅವರೆಂದರೆ ಪ್ರಾಣ. ಹಾಗಾಗಿ ನಾನು ಬರೆಯುವ ಯಾವ ಸಾಲೂ ಅವರ ಮೇಲಿನ ದೂರು ಅಂತ ದಯವಿಟ್ಟು ಓದಬೇಡಿ.

ಹೋದ ತಿಂಗಳು ಮಗನ ಆಧಾರ್ ಜೆರಾಕ್ಸ್ ಕೊಡಲು ಶಾಲೆಗೆ ಹೋಗಿದ್ದೆ. ಬೆಳಗಿನ ಹಾಲು ಕುಡಿದು ಮಕ್ಕಳು ಲೋಟ ತೊಳೆಯುತ್ತಿದ್ದರು. ಒಳಗೆ ಒಂದರಿಂದ ಮೂರನೇ ತರಗತಿಯ ಮಕ್ಕಳು ನಲಿ-ಕಲಿ ಪದ್ಧತಿಯ ಕಲಿಕೆಯ ಕಾರ್ಡು ಹಿಡಿದು ನೆಲದ ಮೇಲೆ ಗುಂಪುಗುಂಪಾಗಿ ಕೂತಿದ್ದರು. ಮೇಡಂ ಕಿಟಕಿಯ ಹತ್ತಿರ ನಿಂತು ಫೋನಿನಲ್ಲಿ ಎಸ್‌ಎಟಿಎಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ಮಕ್ಕಳ ಮಾಹಿತಿ ತುಂಬುತ್ತಿದ್ದರು, ಯಾಕೆಂದರೆ ನೆಟ್‌ವರ್ಕ್ ಸಿಗುವುದು ಆ ಕಿಟಕಿಯಲ್ಲಿ ಮಾತ್ರ. ಒಂದನೇ ತರಗತಿಯ ಹುಡುಗ ಕಾರ್ಡು ಎತ್ತಿ ಹಿಡಿದು "ಮಿಸ್, ಇದು ಮುಗೀತು" ಅಂದ. ಮೇಡಂ ತಿರುಗುವಷ್ಟರಲ್ಲಿ ಫೋನ್ ಬಂತು. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು, ಈಗಲೇ ಲೆಕ್ಕ ಬೇಕಂತೆ. ಹುಡುಗ ಇನ್ನೂ ಕಾರ್ಡು ಕೆಳಗೆ ಇಳಿಸಿರಲಿಲ್ಲ. ಕೊನೆಗೆ ನನ್ನ ಮಗನೇ ಎದ್ದು ಬಂದು ಅವನ ಕಾರ್ಡು ನೋಡಿ, ಮುಂದಿನ ಕಾರ್ಡು ತೆಗೆದುಕೊಟ್ಟ. ಅವನಿಗೆ ಅದು ದಿನಾ ಇರುವ ಕೆಲಸ ಅಂತ ಗೊತ್ತಾಯಿತು. ಬೋರ್ಡಿನ ಮೇಲೆ ನಾಲ್ಕನೇ ತರಗತಿಯ ಭಾಗಾಕಾರದ ಲೆಕ್ಕ ಅರ್ಧಕ್ಕೆ ನಿಂತಿತ್ತು.

ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ಒಳ್ಳೆಯದೇ. ನಲಿ-ಕಲಿಯ ಸೊಗಸೂ ಅದೇ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಅದು ಶುರುವಾಗಿದ್ದೇ ಇಂಥ ಸಣ್ಣ ಶಾಲೆಗಳಿಗೆ, ಬೇರೆ ಬೇರೆ ತರಗತಿಯವರು ಒಟ್ಟಿಗೆ ಕೂತು ಅವರವರ ವೇಗದಲ್ಲಿ ಕಲಿಯಲಿ ಅಂತ. ನಮ್ಮ ರಾಜ್ಯದ ಶಿಕ್ಷಕರು ಕೈಯಾರೆ ಕಟ್ಟಿದ ಪದ್ಧತಿ ಅದು, ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಅದು ನಡೆಯಬೇಕಾದರೆ ಒಬ್ಬರು ಶಿಕ್ಷಕರು ಆ ಮಕ್ಕಳ ಜೊತೆ ನೆಲದ ಮೇಲೆ ಕೂತಿರಬೇಕು. ಆಗ ನಾಲ್ಕು ಮತ್ತು ಐದನೇ ತರಗತಿಗೆ ಇನ್ನೊಬ್ಬರು ಬೇಕೇ ಬೇಕಲ್ವಾ?

ಇದು ನಾನು ಹೊಸದಾಗಿ ಕೇಳುತ್ತಿರುವ ಸೌಲಭ್ಯವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಬರೆದಿದೆ. ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಹತ್ತು ಮಕ್ಕಳಿದ್ದರೆ ಒಬ್ಬರು ಸಾಕು ಅಂತ ಅಲ್ಲಿ ಎಲ್ಲೂ ಇಲ್ಲ. ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ರಂದು. ಆದರೂ ಕೇಂದ್ರ ಶಿಕ್ಷಣ ಸಚಿವಾಲಯದ 2024–25ರ ಯುಡೈಸ್ ಅನ್ನುವ ಶಾಲೆಗಳ ಅಂಕಿಅಂಶದ ಲೆಕ್ಕದಲ್ಲಿ ದೇಶದ ಒಂದು ಲಕ್ಷಕ್ಕೂ ಜಾಸ್ತಿ ಶಾಲೆಗಳು ಒಬ್ಬರೇ ಶಿಕ್ಷಕರ ಮೇಲೆ ನಡೆಯುತ್ತಿವೆ. ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ನಮ್ಮ ಕರ್ನಾಟಕದಲ್ಲೇ ಇವೆ.

ಒಬ್ಬರೇ ಅಂದರೂ ಪೂರ್ತಿ ಒಬ್ಬರು ಸಿಗುವುದಿಲ್ಲ. ಅವರಿಗೆ ತರಬೇತಿ ಇರುತ್ತದೆ, ಸಭೆ ಇರುತ್ತದೆ, ಮತದಾರರ ಪಟ್ಟಿಯ ಕೆಲಸ ಇರುತ್ತದೆ. 2025ರ ದಸರಾ ರಜೆಯನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದು ಎಲ್ಲರಿಗೂ ನೆನಪಿದೆ. ಸಮೀಕ್ಷೆ ಬೇಡ ಅಂತ ನಾನು ಹೇಳುವುದಿಲ್ಲ. ಹತ್ತು ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಹೊರಗೆ ಹೋದರೆ ಪಾಠ ಹೇಗೋ ನಡೆಯುತ್ತದೆ. ನಮ್ಮಂಥ ಶಾಲೆಯಿಂದ ಒಬ್ಬರು ಹೋದರೆ ಬಾಗಿಲು ಹಾಕಬೇಕು, ಇಲ್ಲವೇ ಅಡುಗೆಯವರು ಮಕ್ಕಳನ್ನು ಕೂರಿಸಿಕೊಳ್ಳಬೇಕು. ನಮ್ಮ ಅಡುಗೆಯ ಅಕ್ಕ ಎಷ್ಟೋ ಸಲ ಸಾರಿಗೆ ಒಗ್ಗರಣೆ ಹಾಕುತ್ತಲೇ ಮಗ್ಗಿ ಹೇಳಿಸಿದ್ದಾರೆ. ಅವರಿಗೆ ಸಿಗುವ ಗೌರವಧನದಲ್ಲಿ ಅದನ್ನು ಕೇಳುವುದೇ ತಪ್ಪು.

ಈಗ ದೂರದ ಶಾಲೆಯ ವಿಚಾರಕ್ಕೆ ಬರುತ್ತೇನೆ. ಅದು ಚೆನ್ನಾಗಿದೆ. ಆಟದ ಮೈದಾನ ಇದೆ, ಲೈಬ್ರರಿ ಇದೆ, ಒಂದನೇ ತರಗತಿಯಲ್ಲೇ ಇಪ್ಪತ್ತು ಮಕ್ಕಳಿದ್ದಾರೆ. ನನ್ನ ಮಗಳು ನಮ್ಮೂರ ಶಾಲೆಗೆ ಸೇರಿದರೆ ಅವಳ ತರಗತಿಯಲ್ಲಿ ಬಹುಶಃ ಅವಳ ಜೊತೆ ಇನ್ನೊಬ್ಬ ಹುಡುಗ ಇರುತ್ತಾನೆ, ಅಷ್ಟೇ. ಹೆಣ್ಣುಮಗುವಿಗೆ ಕುಂಟಾಬಿಲ್ಲೆ ಆಡಲು ಜೊತೆಗೊಬ್ಬಳು ಗೆಳತಿ ಬೇಕು ಅನ್ನುವುದು ಸಣ್ಣ ವಿಷಯವೇನಲ್ಲ. ಚಿಕ್ಕ ಶಾಲೆ ಎಲ್ಲ ರೀತಿಯಲ್ಲೂ ಒಳ್ಳೆಯದು ಅಂತ ವಾದ ಮಾಡುವವರ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ. ಇಬ್ಬರೇ ಮಕ್ಕಳ ತರಗತಿಯಲ್ಲಿ ಏನೇನು ಸಿಗುವುದಿಲ್ಲ ಅಂತ ಅಲ್ಲಿ ಮಗುವನ್ನು ಬಿಟ್ಟವರಿಗೆ ಗೊತ್ತು.

ಆದರೆ ಅಲ್ಲಿಗೆ ಹೋಗುವುದು ಹೇಗೆ?

ನಮ್ಮ ಕಡೆ ಓಡುವುದು ಬಹುಪಾಲು ಖಾಸಗಿ ಬಸ್ಸು. ಪ್ರಾಥಮಿಕ ಶಾಲೆ ಮಕ್ಕಳಿಗೆ ಸಾರಿಗೆ ನಿಗಮದ ಉಚಿತ ಪಾಸ್ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯೂ ಇದೆ, ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಸರ್ಕಾರಿ ಬಸ್ಸೇ ಬಾರದ ರಸ್ತೆಯಲ್ಲಿ ಆ ಪಾಸ್ ಇಟ್ಟುಕೊಂಡು ನಾವೇನು ಮಾಡಬೇಕು? ಎಂಟನೇ ತರಗತಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲೂ ಅದು ಆರು ವರ್ಷದ ಮಗುವಿಗೆ ಉಪಯೋಗಕ್ಕೆ ಬರುವ ವಸ್ತುವಾಗಿರಲಿಲ್ಲ.

ಉಳಿದಿದ್ದು ಓಮ್ನಿ ವ್ಯಾನ್. ತಿಂಗಳಿಗೆ ಸಾವಿರದ ಮೇಲೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮ ರಸ್ತೆಯ ತಿರುವಿಗೆ ಬರುತ್ತದೆ. ಆ ತಿರುವಿಗೆ ಹೋಗಲು ಮನೆಯಿಂದ ಗದ್ದೆ ಅಂಚಿನ ಮೇಲೆ ನಡೆಯಬೇಕು. ಆಮೇಲೆ ವ್ಯಾನ್ ಇನ್ನೂ ನಾಲ್ಕು ಕಡೆ ತಿರುಗಿ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಹಿಂದಿನ ಸೀಟು ಕಿತ್ತು ಎದುರುಬದುರಾಗಿ ಹಲಗೆ ಹಾಕಿರುತ್ತಾರೆ. ದೊಡ್ಡ ಮಕ್ಕಳ ತೊಡೆಯ ಮೇಲೆ ಚಿಕ್ಕವರು, ಚಿಕ್ಕವರ ತೊಡೆಯ ಮೇಲೆ ಬ್ಯಾಗು. ಸಂಜೆ ಐದೂವರೆಗೆ ಇಳಿಯುವಾಗ ಪಕ್ಕದ ಮನೆಯ ಹುಡುಗಿಯನ್ನು ಅವಳ ಅಜ್ಜಿ ಎಬ್ಬಿಸಿ ಇಳಿಸಿಕೊಳ್ಳುತ್ತಾರೆ. ಯೂನಿಫಾರ್ಮ್ ಬಿಚ್ಚುವ ಮೊದಲೇ ಮತ್ತೆ ನಿದ್ದೆ. ಏಳು ಕಿಲೋಮೀಟರ್ ಅಂತ ಕಾಗದದ ಮೇಲೆ ಬರೆದಿದ್ದು ಆ ಮಗುವಿನ ಪಾಲಿಗೆ ದಿನಕ್ಕೆ ಸುಮಾರು ಹತ್ತು ಗಂಟೆ ಮನೆಯ ಹೊರಗೆ ಇರುವುದು. ಆರು ವರ್ಷ ತುಂಬಿದ ಮಗು, ಸಚಿವರೇ.

ಮಳೆಗಾಲದಲ್ಲಿ ಹತ್ತಿರದ ಶಾಲೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮಳೆ ಸ್ವಲ್ಪ ಹೊಳವಾದರೆ ಸಾಕು, ಮಕ್ಕಳನ್ನು ಓಡಿಸಬಹುದು. ಮಧ್ಯಾಹ್ನ ಜೋರಾದರೆ ಯಾರಾದರೂ ಒಬ್ಬರು ಛತ್ರಿ ಹಿಡಿದು ಹೋಗಿ ಎಲ್ಲರ ಮಕ್ಕಳನ್ನೂ ಕರೆತರಬಹುದು. ಜ್ವರ ಬಂದರೆ ಮೇಡಂ ಫೋನ್ ಮಾಡುತ್ತಾರೆ, ತೋಟದಲ್ಲಿದ್ದವರು ಕೈ ತೊಳೆದುಕೊಂಡು ಹೋದರೆ ಆಯಿತು. ವ್ಯಾನಿನ ಮಕ್ಕಳಿಗೆ ಹೀಗಿಲ್ಲ. ರಜೆ ಘೋಷಣೆ ಆಗುವುದು ಎಷ್ಟೋ ಸಲ ಅವರು ಮನೆ ಬಿಟ್ಟ ಮೇಲೆ. ಆಗ ವ್ಯಾನಿನವರು ಸಿಗುವವರೆಗೆ ಆ ಮಕ್ಕಳು ಶಾಲೆಯ ಜಗಲಿಯಲ್ಲೇ ಕಾಯಬೇಕು. ದರೆ ಕುಸಿದು ರಸ್ತೆ ಬಂದ್ ಆದರೆ ಇನ್ನೂ ಕಷ್ಟ.

ದೂರವನ್ನು ನೀವು ಅಳೆಯುವ ರೀತಿಯಲ್ಲೂ ಒಂದು ಸಮಸ್ಯೆ ಇದೆ. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಅನ್ನುವುದು ನಿಯಮ. ಮ್ಯಾಪಿನ ಮೇಲೆ ಎರಡು ಚುಕ್ಕೆ ಇಟ್ಟು ಗೆರೆ ಎಳೆದರೆ ನಮ್ಮ ಕೆಳಗಿನ ಕೇರಿಯ ಮಕ್ಕಳಿಗೆ ಹಳ್ಳದ ಆಚೆಯ ಶಾಲೆಯೇ ಹತ್ತಿರ ಅಂತ ಕಾಣುತ್ತದೆ. ಜನವರಿಯಲ್ಲಿ ಅದು ನಿಜವೂ ಹೌದು, ಹಳ್ಳದ ಕಲ್ಲುಗಳ ಮೇಲೆ ಜಿಗಿದು ದಾಟಬಹುದು. ಜೂನ್ ಬಂತು ಅಂದರೆ ಹಳ್ಳ ಮೈದುಂಬುತ್ತದೆ, ಅಡಿಕೆ ಮರದ ಸಂಕದ, ಅಂದರೆ ಕಾಲುಸೇತುವೆಯ ಮೇಲೆ ಪಾಚಿ ಕಟ್ಟುತ್ತದೆ. ಆಮೇಲೆ ರಸ್ತೆ ಸುತ್ತಿ ಹೋಗಬೇಕು, ಅದು ನಾಲ್ಕು ಕಿಲೋಮೀಟರ್.

ಇದನ್ನು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಒಬ್ಬ ಹುಡುಗಿ ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ನಮ್ಮ ಕಡೆಯ ಅಮ್ಮಂದಿರು ಯಾರೂ ಅದನ್ನು ಮರೆತಿಲ್ಲ. ಕೇಂದ್ರದ 2010ರ ಶಿಕ್ಷಣ ಹಕ್ಕು ನಿಯಮಗಳಲ್ಲಿ ಇದಕ್ಕೂ ಒಂದು ಮಾತಿದೆ. ಗುಡ್ಡ ಕುಸಿತ, ನೆರೆ, ರಸ್ತೆ ಇಲ್ಲದಿರುವುದು, ದಾರಿಯಲ್ಲಿ ಚಿಕ್ಕ ಮಕ್ಕಳಿಗೆ ಅಪಾಯ ಇರುವ ಕಡೆ ಈ ಒಂದು ಕಿಲೋಮೀಟರ್ ಮಿತಿಯನ್ನು ಇನ್ನೂ ಕಡಿಮೆ ಮಾಡಿ ಶಾಲೆ ಇರಬೇಕು ಅಂತ. ಜಾಸ್ತಿ ಮಾಡಬಹುದು ಅಂತ ಅಲ್ಲ. ಅಂದರೆ ನಮ್ಮಂಥ ಊರುಗಳನ್ನು ನೆನಪಿಟ್ಟುಕೊಂಡೇ ಯಾರೋ ಆ ಸಾಲು ಬರೆದಿದ್ದಾರೆ.

ಇನ್ನೊಂದು ವಿಷಯ ನನಗೆ ಬಹಳ ನೋವು ಕೊಟ್ಟಿದೆ, ಅದನ್ನು ಹೇಳಲೇಬೇಕು. ಮೊದಲು ಆರ್‌ಟಿಇ, ಅಂದರೆ ಇದೇ ಶಿಕ್ಷಣ ಹಕ್ಕು ಕಾಯ್ದೆಯ ಅಡಿಯಲ್ಲಿ ಬಡವರ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸೀಟು ಸಿಗುತ್ತಿತ್ತು. 2019–20ನೇ ಸಾಲಿನಿಂದ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟು ಇಲ್ಲ ಅಂತಾಯಿತು. ಹೈಕೋರ್ಟ್ ಕೂಡ ಅದನ್ನು ಎತ್ತಿ ಹಿಡಿಯಿತು. ಆಗ ನಾನು ಆ ಬದಲಾವಣೆಯ ಪರವಾಗಿಯೇ ಮಾತಾಡಿದ್ದೆ, ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಸರ್ಕಾರದ ಹಣ ಸರ್ಕಾರಿ ಶಾಲೆಗೇ ಹೋಗಲಿ. ಆದರೆ ಆಗ ನೀವು ಕೊಟ್ಟ ಕಾರಣ ಏನು? ನಿಮ್ಮ ಮನೆಯ ಹತ್ತಿರವೇ ನಮ್ಮ ಶಾಲೆ ಇದೆ ಅಂತ. ಹತ್ತಿರದ ಶಾಲೆಯನ್ನು ತೋರಿಸಿ ಖಾಸಗಿ ಸೀಟು ನಿಲ್ಲಿಸಿದವರು ಈಗ ಅದೇ ಹತ್ತಿರದ ಶಾಲೆಯಲ್ಲಿ ಮಕ್ಕಳು ಕಡಿಮೆ, ದೂರದ ಶಾಲೆಗೆ ಹೋಗಿ ಅಂದರೆ ನ್ಯಾಯವೇ? ಆ ಶಾಲೆ ಇದೆ ಅಂತ ನೀವು ಕೋರ್ಟಿನಲ್ಲಿ ಹೇಳಿದ್ದೀರಿ. ಹಾಗಿದ್ದರೆ ಅದನ್ನು ಶಾಲೆಯ ಹಾಗೆ ನಡೆಸುವ ಜವಾಬ್ದಾರಿಯೂ ನಿಮ್ಮದೇ.

ಕರ್ನಾಟಕ ಪಬ್ಲಿಕ್ ಶಾಲೆಗಳ ಬಗ್ಗೆಯೂ ನಮ್ಮ ಊರಲ್ಲಿ ಮಾತು ನಡೆಯುತ್ತಿದೆ. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ. ಕಲ್ಪನೆ ಚೆನ್ನಾಗಿದೆ. ಆರನೇ ತರಗತಿ ದಾಟಿದ ಮಕ್ಕಳಿಗೆ ಲ್ಯಾಬು, ವಿಷಯಕ್ಕೊಬ್ಬರು ಶಿಕ್ಷಕರು, ಆಟದ ಮೇಷ್ಟ್ರು ಎಲ್ಲ ಒಂದೇ ಕಡೆ ಸಿಗುತ್ತದೆ. ನನ್ನ ಮಗ ಇನ್ನೆರಡು ವರ್ಷಕ್ಕೆ ಅಲ್ಲಿಗೆ ಹೋಗುವುದಾದರೆ ನನಗೆ ಸಂತೋಷವೇ. ಆದರೆ 2025ರ ಕೊನೆಯಲ್ಲಿ ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಪಬ್ಲಿಕ್ ಶಾಲೆಗೆ ಸುತ್ತಲಿನ ಸಣ್ಣ ಶಾಲೆಗಳನ್ನು ಸೇರಿಸುವ ಸುದ್ದಿ ಬಂದಾಗ ನಮಗೆಲ್ಲ ಎದೆ ಧಸಕ್ ಅಂದಿತು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಅಂತ ಸರ್ಕಾರ ಹೇಳಿದೆ. ಆ ಮಾತನ್ನು ನಂಬಬೇಕು ಅಂತಲೇ ನನಗೂ ಆಸೆ. ಆದರೆ ಶಾಲೆ ಮುಚ್ಚಲು ಆದೇಶವೇ ಬೇಕಾಗಿಲ್ಲ. ಶಿಕ್ಷಕರನ್ನು ಕೊಡದೆ ಬಿಟ್ಟರೆ ಮಕ್ಕಳು ಒಬ್ಬೊಬ್ಬರೇ ಟಿಸಿ ತೆಗೆದುಕೊಂಡು ಹೋಗುತ್ತಾರೆ. ಬುಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದ ಗಿಡ ತಾನೇ ಒಣಗುತ್ತದೆ, ಕಡಿಯುವ ಕೆಲಸ ಯಾರೂ ಮಾಡಬೇಕಾಗಿಲ್ಲ. ಆಮೇಲೆ ದಾಖಲಾತಿ ಶೂನ್ಯ ಅಂತ ಬರೆದುಕೊಂಡು ಹೋಗುತ್ತಾರೆ.

ಎಲ್ಲ ಊರಿನ ಎಲ್ಲ ಶಾಲೆಯೂ ಹೀಗೇ ಉಳಿಯಬೇಕು ಅಂತ ನಾನು ಹಠ ಹಿಡಿಯುವುದಿಲ್ಲ. ರಸ್ತೆಯ ಈ ಬದಿಗೊಂದು ಆ ಬದಿಗೊಂದು ಶಾಲೆ ಇದ್ದು, ಎರಡರಲ್ಲೂ ನಾಲ್ಕು ನಾಲ್ಕು ಮಕ್ಕಳಿದ್ದರೆ ಒಟ್ಟು ಮಾಡಿ. ಅಲ್ಲಿ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ. ನನ್ನ ಲೆಕ್ಕ ವಯಸ್ಸಿನ ಮೇಲೆ. ಒಂದು, ಎರಡು, ಮೂರನೇ ತರಗತಿಯ ಮಗು ನಡೆದೇ ಹೋಗಿ ಬರುವಷ್ಟು ಹತ್ತಿರ ಶಾಲೆ ಇರಲೇಬೇಕು, ಇದರಲ್ಲಿ ರಾಜಿ ಬೇಡ. ನಾಲ್ಕು ಮತ್ತು ಐದನೇ ತರಗತಿಯದು ಆಯಾ ಊರಿನ ಪೋಷಕರನ್ನು ಕೇಳಿ ತೀರ್ಮಾನ ಮಾಡಲಿ. ಶಾಲೆಯ ಉಸ್ತುವಾರಿಗೆ ಎಸ್‌ಡಿಎಂಸಿ ಅಂತ ಒಂದು ಸಮಿತಿ ಇದೆ, ಅದರಲ್ಲಿ ಅಪ್ಪ ಅಮ್ಮಂದಿರೇ ಇದ್ದಾರೆ, ಸಹಿ ಹಾಕಿಸಿಕೊಳ್ಳಲು ಮಾತ್ರ ಅವರನ್ನು ಕರೆಯಬೇಡಿ. ಆರರಿಂದ ಮೇಲೆ ದೂರ ಹೋಗಲಿ, ವಾಹನ ಕೊಟ್ಟು ಕಳಿಸಿ.

ವಾಹನ ಅಂದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ವಿಲೀನದ ಮಾತಿನಲ್ಲೂ ಸಾರಿಗೆ ವ್ಯವಸ್ಥೆ ಮಾಡುತ್ತೇವೆ ಅಂತ ಒಂದು ಭರವಸೆ ಇರುತ್ತದೆ. ಸಾರಿಗೆ ಭತ್ಯೆ ಅಂತ ಹಣ ಬರುವುದೂ ಉಂಟು. ಹಣ ಬರುವುದು ತಿಂಗಳು ಕಳೆದ ಮೇಲೆ, ವ್ಯಾನಿನವರಿಗೆ ಕೊಡಬೇಕಾದ್ದು ಒಂದನೇ ತಾರೀಕು. ಅಡಿಕೆ ಕೊಯ್ಲು ಮುಗಿದ ಮೇಲೆ ಕೂಲಿ ಇಲ್ಲದ ಮನೆಯವರು ಆ ಮಧ್ಯದ ತಿಂಗಳುಗಳಲ್ಲಿ ಏನು ಮಾಡುತ್ತಾರೆ? ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ಮೊದಲು ಉಳಿಯುವುದು ಹೆಣ್ಣುಮಗು, ಇದು ನಾನು ಕಣ್ಣಾರೆ ಕಂಡಿದ್ದು. ಹಾಗಾಗಿ ವಾಹನ ಮೊದಲು ಓಡಲಿ. ಒಂದು ಪೂರ್ತಿ ಮಳೆಗಾಲ ತಪ್ಪದೆ ಓಡಲಿ, ಅದರಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸಲು ಒಬ್ಬ ಆಯಾ ಇರಲಿ. ಆಮೇಲೆ ಶಾಲೆ ಸೇರಿಸುವ ಮಾತು ಎತ್ತಿ.

ನಮ್ಮಂಥ ಪೋಷಕರಿಗೂ ಎರಡು ಮಾತು. ಬೋರ್ಡು ನೋಡಿ ಶಾಲೆ ಆರಿಸಬೇಡಿ. ಇಂಗ್ಲಿಷ್ ಮೀಡಿಯಂ ಅಂತ ಬರೆದ ಎಷ್ಟೋ ಕಡೆ ಒಂದನೇ ತರಗತಿಯ ಪಾಠವನ್ನು ಕನ್ನಡದಲ್ಲೇ ವಿವರಿಸಿ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಯಾವುದೇ ಶಾಲೆಗೆ ಸೇರಿಸುವ ಮೊದಲು ಒಂದು ಮಧ್ಯಾಹ್ನ ಹೋಗಿ ನೋಡಿ. ಎರಡನೇ ತರಗತಿಯ ಮಗುವಿನ ಕೈಗೆ ಅದು ಇದುವರೆಗೆ ಓದದ ಒಂದು ಪುಟ ಕೊಟ್ಟು ಓದಿಸಿ. ಶೌಚಾಲಯದ ಬಾಗಿಲು ತೆಗೆದು ನೋಡಿ, ನೀರಿದೆಯಾ ಅಂತ ನೋಡಿ. ವ್ಯಾನ್ ಗೊತ್ತು ಮಾಡುವ ಮೊದಲು ಒಂದು ದಿನ ನೀವೇ ಅದರಲ್ಲಿ ಕೂತು ಹೋಗಿ ಬನ್ನಿ. ಹತ್ತಿರದ ಶಾಲೆಯೂ ದೂರದ ಶಾಲೆಯೂ ಸುಮಾರಾಗಿ ಒಂದೇ ತರಹ ಕಲಿಸುತ್ತವೆ ಅಂತ ಅನ್ನಿಸಿದರೆ ಹತ್ತಿರದ್ದಕ್ಕೇ ಸೇರಿಸಿ. ಉಳಿದ ಹೊತ್ತು ಮಗು ಆಡಿಕೊಂಡಿರಲಿ, ಕೊಟ್ಟಿಗೆಯಲ್ಲಿ ಕರುವಿನ ಜೊತೆ ಇರಲಿ, ಅಜ್ಜಿಯ ಹತ್ತಿರ ಕಥೆ ಕೇಳಲಿ.

ಸಚಿವರೇ, ಕೇಳುತ್ತಿರುವುದು ದೊಡ್ಡದೇನಲ್ಲ. ಎಷ್ಟೇ ಮಕ್ಕಳಿರಲಿ, ಒಂದರಿಂದ ಐದರ ಶಾಲೆಗೆ ಕಾಯ್ದೆ ಹೇಳಿದಂತೆ ಇಬ್ಬರು ಶಿಕ್ಷಕರು. ಖಾಯಂ ಶಿಕ್ಷಕರು ಸಿಗುವವರೆಗೆ ಅತಿಥಿ ಶಿಕ್ಷಕರಾದರೂ ಜೂನ್ ಮೊದಲ ದಿನವೇ ಶಾಲೆಯಲ್ಲಿರಲಿ. ಒಬ್ಬರೇ ಇರುವ ಶಾಲೆಯಿಂದ ಯಾರನ್ನೂ ಡೆಪ್ಯುಟೇಶನ್ ಮೇಲೆ, ಸಮೀಕ್ಷೆಗೆ, ಪಟ್ಟಿ ಕೆಲಸಕ್ಕೆ ಕಳಿಸಬೇಡಿ. ಶಾಲೆ ಸೇರಿಸುವ ಪ್ರಸ್ತಾಪ ಬಂದಾಗ ದೂರವನ್ನು ಜುಲೈ ತಿಂಗಳಲ್ಲಿ, ಮಗು ನಡೆಯುವ ದಾರಿಯಲ್ಲೇ ಅಳೆಯಿರಿ.

ನಮ್ಮೂರ ಅಂಗನವಾಡಿಯಿಂದ ಈ ವರ್ಷ ಹೊರಗೆ ಬರುವ ಮಕ್ಕಳು ಐವರು. ಮೂವರ ಮನೆಯವರು ವ್ಯಾನಿನವರಿಗೆ ಮುಂಗಡ ಕೊಟ್ಟಿದ್ದಾರೆ. ಎರಡನೇ ಶಿಕ್ಷಕರು ಬರುತ್ತಾರೆ ಅಂತ ಖಾತ್ರಿ ಆದರೆ ಆ ಮುಂಗಡ ವಾಪಸ್ ಕೇಳಲು ಇಬ್ಬರು ತಯಾರಿದ್ದಾರೆ, ನಾನೇ ಮಾತಾಡಿದ್ದೇನೆ. ಅಡ್ಮಿಷನ್ ಶುರುವಾಗುವುದು ಮೇ ಕೊನೆಯಲ್ಲಿ. ಅದಕ್ಕೆ ಮೊದಲು ನಮ್ಮ ಶಾಲೆಗೆ ಯಾರನ್ನು ಹಾಕಿದ್ದೀರಿ ಅಂತ ಒಂದು ಆದೇಶದ ಪ್ರತಿ ಬಂದರೆ ಸಾಕು. ಅದನ್ನು ಹಿಡಿದುಕೊಂಡು ಆ ಮನೆಗಳಿಗೆ ನಾನು ಹೋಗುತ್ತೇನೆ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ತಾಯಿ